ಲೈಕ್ ಬರುತ್ತದೆ, ಪುಸ್ತಕ ಹೋಗುವುದಿಲ್ಲ: ಫಾಲೋವರ್‌ಗಳು ಓದುಗರಾಗುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ನೀವು ಸಕಲೇಶಪುರದ ಕಡೆಯವರು, ಕಥೆ ಬರೆಯುತ್ತೀರಿ. ಮೊದಲ ಸಂಕಲನ ಡೆಮಿ 1/8 ಆಕಾರದಲ್ಲಿ 300 ಪ್ರತಿ ಅಚ್ಚಾಗಿ ಮನೆಗೆ ಬಂದಿದೆ. ಫೇಸ್‌ಬುಕ್‌ನಲ್ಲಿ 1,800 ಜನ, ಇನ್‌ಸ್ಟಾಗ್ರಾಂನಲ್ಲಿ 600 ಜನ ಇದ್ದಾರೆ. ಮುಖಪುಟದ ಫೋಟೊ ಹಾಕಿದಾಗ ಇನ್ನೂರು ಲೈಕ್, ಎಂಬತ್ತು ‘ಅಭಿನಂದನೆಗಳು’ ಬಂದವು. ಪುಸ್ತಕ ಬೇಕೆಂದವರು ಒಂಬತ್ತೇ ಮಂದಿ. ‘ದಿನಕ್ಕೆ ಎಷ್ಟು ಪೋಸ್ಟ್ ಹಾಕಬೇಕು?’ ಎಂದು ಕೇಳಿದ್ದೀರಿ.

ಎಷ್ಟು ಹಾಕಬೇಕು ಅನ್ನುವುದಕ್ಕಿಂತ ಮೊದಲು ಆ ಎಂಬತ್ತು ಅಭಿನಂದನೆಗಳನ್ನು ಇನ್ನೊಮ್ಮೆ ನೋಡಿ. ಅವರೆಲ್ಲ ನಿಮಗೆ ಒಳ್ಳೆಯದು ಬಯಸಿದ್ದಾರೆ. ನಿಮ್ಮ ಕಥೆಯ ಬಗ್ಗೆ ಒಂದು ಮಾತೂ ಆಡಿಲ್ಲ, ಯಾಕೆಂದರೆ ಆಡಲು ನೀವು ಏನೂ ಕೊಟ್ಟಿಲ್ಲ. ಗೃಹಪ್ರವೇಶದ ಫೋಟೊ ಕಂಡರೂ ಜನ ಅಭಿನಂದನೆ ಅಂತಲೇ ಬರೆಯುತ್ತಾರೆ. ಹಾಗಾಗಿ ನನ್ನ ಉತ್ತರ ಒಂದೇ ದಾರಿಯ ಸುತ್ತ ಇದೆ: ಫಾಲೋವರ್ ಕಥೆಯ ಬಗ್ಗೆ ಒಂದು ಮಾತಾಡಬೇಕು, ನೀವು ಆ ಮಾತಿಗೆ ಮಾತು ಸೇರಿಸಬೇಕು, ಅಲ್ಲಿಂದ ಅವರು ವಾಟ್ಸಾಪ್‌ಗೆ ಬರಬೇಕು, ಪುಸ್ತಕ ಅಲ್ಲಿಂದ ಹೊರಡಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಉಳಿಯುವುದು ಲೈಕ್ ಮಾತ್ರ.

ಮೊದಲ ಕೊಂಡಿ ಪ್ರಶ್ನೆ. ಕಥೆಯ ತುಣುಕು ಹಾಕಿ ಕೊನೆಗೆ ‘ಹೇಗಿದೆ ತಿಳಿಸಿ’ ಎಂದರೆ ‘ಸೂಪರ್ ಸರ್’ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ಓದಿದವರ ಬಳಿ ಮಾತ್ರ ಉತ್ತರ ಇರುವಂಥದ್ದನ್ನು ಕೇಳಬೇಕು. ನಿಮ್ಮ ಕಥೆಯಲ್ಲಿ ಕಾಫಿ ಕೊಯ್ಲು ಮುಗಿದ ಮೇಲೂ ಊರಿಗೆ ಹೋಗದೆ ಲೈನ್ ಮನೆಯಲ್ಲೇ, ಅಂದರೆ ತೋಟದ ಆಳುಗಳ ಸಾಲುಮನೆಯಲ್ಲೇ ಉಳಿಯುವ ಹೆಂಗಸೊಬ್ಬಳಿದ್ದಾಳೆ ಅಂದುಕೊಳ್ಳಿ. ‘ನಿಮ್ಮ ತೋಟದಲ್ಲಿ ಹೀಗೆ ಉಳಿದುಬಿಟ್ಟವರಿದ್ದರಾ? ಯಾಕೆ ಉಳಿದರು?’ ಎಂದು ಕೇಳಿ. ಮೂಡಿಗೆರೆಯವರೊಬ್ಬರು ನಾಲ್ಕು ಸಾಲು ಬರೆಯುತ್ತಾರೆ, ಅದಕ್ಕೆ ಆಲೂರಿನವರು ಇನ್ನೆರಡು ಸೇರಿಸುತ್ತಾರೆ. ಪದದ ಪ್ರಶ್ನೆಗಳೂ ನಮ್ಮ ಕಡೆ ಚೆನ್ನಾಗಿ ಕೆಲಸ ಮಾಡುತ್ತವೆ. ‘ನಾಟಿಗೆ ಹೋಗುವಾಗ ತಲೆ ಮೇಲಿಂದ ಬೆನ್ನಿಗೆ ಹಾಕುತ್ತಿದ್ದ ಎಲೆಯ ಹೊದಿಕೆ ಈ ಕಥೆಯಲ್ಲಿ ಗೊರಬು. ನಿಮ್ಮೂರಲ್ಲಿ ಏನಂತಿದ್ದರು?’ ಹಾಸನ, ಚಿಕ್ಕಮಗಳೂರು ಎರಡರಲ್ಲೂ ಮಲೆನಾಡೂ ಇದೆ, ಬಯಲುಸೀಮೆಯೂ ಇದೆ. ಅರಸೀಕೆರೆ, ಕಡೂರಿನವರು ಆಡುವ ಪದ ಕೊಪ್ಪ, ಶೃಂಗೇರಿಯಲ್ಲಿ ಇರುವುದಿಲ್ಲ. ಆ ವ್ಯತ್ಯಾಸವೇ ಮಾತು ಹುಟ್ಟಿಸುತ್ತದೆ.

ಇಲ್ಲಿ ಒಂದು ಎಚ್ಚರ. ಪ್ರಶ್ನೆ ಕಥೆಯ ಒಳಗಿಂದಲೇ ಬರಬೇಕು. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಮಳೆಯ ಬಗ್ಗೆ ‘ಹೂಮಳೆ ಎಷ್ಟು ಸೆಂಟ್ಸ್ ಬಂತು?’ ಎಂದು ಕೇಳಿದರೆ ನೂರು ಕಾಮೆಂಟ್ ಬೀಳುತ್ತವೆ. ಎಲ್ಲವೂ ಮಳೆಯ ಲೆಕ್ಕ. ಯಾರೂ ಕಥೆ ಓದಿರುವುದಿಲ್ಲ. ಅದೇ ಕಥೆಯಲ್ಲಿ ಹೂಮಳೆ ತಪ್ಪಿದ ವರ್ಷ ಮಗಳ ಮದುವೆ ಮುಂದೆ ಹೋದ ಪ್ರಸಂಗ ಇದ್ದರೆ, ಅದನ್ನು ಹಾಕಿ ‘ಹೂಮಳೆ ಬಾರದೆ ನಿಮ್ಮ ಮನೆಯಲ್ಲಿ ಏನು ಮುಂದಕ್ಕೆ ಹೋಯಿತು?’ ಎಂದು ಕೇಳಿ. ಕಾಮೆಂಟ್ ಇಪ್ಪತ್ತಕ್ಕೆ ಇಳಿಯಬಹುದು. ಆ ಇಪ್ಪತ್ತೇ ನಿಮ್ಮವರು.

ತುಣುಕು 150ರಿಂದ 200 ಪದ ಇರಲಿ. ಫೇಸ್‌ಬುಕ್ ಆಗಲಿ ಇನ್‌ಸ್ಟಾಗ್ರಾಂ ಆಗಲಿ ಮೊದಲ ಕೆಲವು ಸಾಲು ಮಾತ್ರ ತೋರಿಸಿ ಉಳಿದದ್ದನ್ನು ಮಡಚಿಡುತ್ತದೆ. ‘ಆತ್ಮೀಯರೇ, ನನ್ನ ಸಂಕಲನದ ಮೂರನೆಯ ಕಥೆಯ ಒಂದು ಭಾಗವನ್ನು ಹಂಚಿಕೊಳ್ಳುತ್ತಿದ್ದೇನೆ’ ಎಂದು ಶುರು ಮಾಡಿದರೆ ಆ ಸಾಲುಗಳು ಪೀಠಿಕೆಗೇ ಹೋದವು. ‘ಕೊಯ್ಲಿನವರ ಲಾರಿ ಹೋಯಿತು, ಗಿರಿಜೆ ಹತ್ತಲಿಲ್ಲ’ ಎಂದು ನೇರ ಕಥೆಗೆ ಇಳಿಯಿರಿ. ಪುಸ್ತಕದ ಹೆಸರು, ಬೆಲೆ, ಸಂಪರ್ಕ ಹಾಕುವ ದಿನ ಕೊನೆಯಲ್ಲಿ ಒಂದು ಸಾಲು ಸಾಕು. ಲಿಂಕ್ ಇದ್ದರೆ ಫೇಸ್‌ಬುಕ್‌ನಲ್ಲಿ ಮೊದಲ ಕಾಮೆಂಟ್‌ಗೆ ಹಾಕಿ. ಇನ್‌ಸ್ಟಾಗ್ರಾಂನಲ್ಲಿ ಪೋಸ್ಟಿನ ಕೆಳಗಿನ ಬರಹದಲ್ಲಿರುವ ಲಿಂಕ್ ಒತ್ತಿದರೆ ತೆರೆಯುವುದೇ ಇಲ್ಲ, ಅದನ್ನು ಬಯೊದಲ್ಲೇ, ಅಂದರೆ ಪ್ರೊಫೈಲಿನ ಕಿರು ಪರಿಚಯದಲ್ಲೇ ಇಡಬೇಕು. ಬಯೊದಲ್ಲಿ ‘ರೈಟರ್’ ಎಂದು ಹಾಕಿಕೊಳ್ಳಬೇಡಿ ಅಂತಲೂ ಹೇಳುತ್ತೇನೆ. ನಮ್ಮ ಕಡೆ ರೈಟ್ರು ಅಂದರೆ ತೋಟದ ಲೆಕ್ಕ, ಆಳು ನೋಡಿಕೊಳ್ಳುವವರು. ‘ಕಥೆಗಾರ’, ‘ಕಥೆಗಾರ್ತಿ’ ಎಂದರೆ ಯಾರಿಗೂ ಗೊಂದಲವಾಗದು.

ಅಕ್ಷರದ ಮಿತಿ ಕನ್ನಡದವರಿಗೆ ಬೇರೆ ಥರ ಲೆಕ್ಕವಾಗುತ್ತದೆ, ಇದು ಹಲವರಿಗೆ ಗೊತ್ತಿರುವುದಿಲ್ಲ. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) 280 ಅಕ್ಷರ ಅಂದರೆ ನಾವು ಎಣಿಸುವ ಅಕ್ಷರವಲ್ಲ. ವ್ಯಂಜನ, ಅರ್ಧಾಕ್ಷರದ ಚಿಹ್ನೆ, ಒತ್ತು, ಗುಣಿತ ಎಲ್ಲವನ್ನೂ ಅದು ಬಿಡಿಬಿಡಿಯಾಗಿ ಎಣಿಸುತ್ತದೆ. ‘ಸ್ತ್ರೀ’ ನಮಗೆ ಒಂದಕ್ಷರ, ಅದಕ್ಕೆ ಆರು. ಇನ್‌ಸ್ಟಾಗ್ರಾಂನ ಬರಹಕ್ಕೆ 2,200ರ ಮಿತಿ ಇದೆ. ಕನ್ನಡದಲ್ಲಿ ಅದು ಹೆಚ್ಚೆಂದರೆ 250 ಪದದ ಆಸುಪಾಸು. ಇಡೀ ಕಥೆ ಅಂಟಿಸಲು ಹೋಗಿ ಕೊನೆ ಕತ್ತರಿಸಿಹೋದರೆ ತಪ್ಪು ಆ್ಯಪ್‌ನದಲ್ಲ.

ಇನ್ನೊಂದು ತೊಡಕು ಟೈಪಿಂಗ್‌ನದು. ನಿಮ್ಮ ಪುಸ್ತಕದ ಪುಟವಿನ್ಯಾಸ ಮಾಡಿದವರು ನುಡಿ ಅಥವಾ ಬರಹ ಎಂಬ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್ ಬಳಸಿದ್ದರೆ, ಆ ಕಡತದಿಂದ ನೇರ ಕಾಪಿ ಮಾಡಿ ಹಾಕಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ನಲ್ಲಿ ಹಾಯಿಸಿ, ಆಮೇಲೆ ಕಣ್ಣಿಟ್ಟು ಓದಿ. ಅರ್ಕಾವತ್ತು, ಎರಡೆರಡು ಒತ್ತು ಇರುವ ಪದ, ಅಂಕಿ, ಉದ್ಧರಣ ಚಿಹ್ನೆ, ಈ ನಾಲ್ಕು ಜಾಗದಲ್ಲಿ ತಪ್ಪು ಉಳಿಯುವುದು ಹೆಚ್ಚು. ಕಥೆಗಾರರ ಪೋಸ್ಟಿನಲ್ಲಿ ಅಕ್ಷರ ಮುರಿದಿದ್ದರೆ ಪುಸ್ತಕವೂ ಹಾಗೇ ಇರಬಹುದು ಎಂದು ಓದುವವರು ಅಂದುಕೊಳ್ಳುತ್ತಾರೆ.

ಚಿತ್ರದ ಮೇಲೆ ಸಾಲು ಬರೆದು ಹಾಕುವುದಾದರೆ 1080×1350 ಅಳತೆ ಹಿಡಿಯಿರಿ, ಫೋನಿನ ಪರದೆಯನ್ನು ಚೆನ್ನಾಗಿ ತುಂಬುತ್ತದೆ. ಒಂದು ಚಿತ್ರಕ್ಕೆ 40 ಪದ ದಾಟಬಾರದು, ಸಾಲಿಗೆ ಐದಾರು ಪದ. ಸಾಲುಗಳ ನಡುವಿನ ಅಂತರ ಇಂಗ್ಲಿಷಿಗೆ ಇಡುವಷ್ಟೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ, ಒಂದೂವರೆ ಪಟ್ಟು ಇಡಿ. ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2, ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಕಥೆಯ ಸಾಲಿಗೆ ಮೊದಲಿನ ಎರಡು, ಕಾರ್ಯಕ್ರಮದ ಪ್ರಕಟಣೆಗೆ ಬಾಲೂ ತಮ್ಮ ಚೆನ್ನ. ಚಿತ್ರದಲ್ಲಿ ಬರೆದದ್ದನ್ನು ಕೆಳಗೆ ಅಕ್ಷರದಲ್ಲೂ ಟೈಪ್ ಮಾಡಿ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಚಿತ್ರದೊಳಗಿನ ಕನ್ನಡವನ್ನು ಸರಿಯಾಗಿ ಓದುತ್ತದೆ ಎಂದು ನಂಬಿ ಕೂರುವಂತಿಲ್ಲ.

ಎರಡನೆಯ ಕೊಂಡಿ ನಿಮ್ಮ ಮರುಮಾತು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಕಾಮೆಂಟ್ ಬಂದರೆ ‘ಧನ್ಯವಾದಗಳು’ ಎಂದು ಬರೆದು ಬಾಗಿಲು ಮುಚ್ಚಬೇಡಿ. ‘ಹೌದಾ, ಬಣಕಲ್ ಕಡೆ ಹಾಗಾ? ಅವರು ಯಾವ ಸೀಮೆಯಿಂದ ಬರುತ್ತಿದ್ದರು?’ ಎಂದು ಇನ್ನೊಂದು ಎಳೆ ಎಳೆಯಿರಿ. ಅವರಿಗೆ ನೋಟಿಫಿಕೇಶನ್ ಹೋಗುತ್ತದೆ, ಅವರು ಮರಳಿ ಬರುತ್ತಾರೆ, ಅವರ ಸ್ನೇಹಿತರಿಗೂ ಪೋಸ್ಟ್ ಕಾಣುವ ಸಾಧ್ಯತೆ ಹೆಚ್ಚುತ್ತದೆ. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡ್ ಬದಲಿಸಿ, ಜನರ ನಡುವೆ ಮಾತುಕತೆ ಹುಟ್ಟಿಸುವ ಪೋಸ್ಟ್‌ಗಳಿಗೆ ಆದ್ಯತೆ ಎಂದು ಹೇಳಿತು. ಅದಕ್ಕೆ ಒಂದು ತಿಂಗಳು ಮೊದಲು, 2017ರ ಡಿಸೆಂಬರ್‌ನಲ್ಲಿ, ‘ಲೈಕ್ ಮಾಡಿ, ಶೇರ್ ಮಾಡಿ, ಗೆಳೆಯರನ್ನು ಟ್ಯಾಗ್ ಮಾಡಿ’ ಎಂದು ಬೇಡುವ ಪೋಸ್ಟ್‌ಗಳನ್ನು ಕೆಳಗೆ ತಳ್ಳುವುದಾಗಿಯೂ ಹೇಳಿತ್ತು. ಆದ್ದರಿಂದ ‘ಶೇರ್ ಮಾಡಿ ಪ್ರೋತ್ಸಾಹಿಸಿ’ ಎಂಬ ಸಾಲನ್ನು ಇಂದೇ ತೆಗೆದುಬಿಡಿ. ಐವತ್ತು ಜನರನ್ನು ಟ್ಯಾಗ್ ಮಾಡುವುದನ್ನೂ ಬಿಡಿ. ಇನ್‌ಸ್ಟಾಗ್ರಾಂನ ಮುಖ್ಯಸ್ಥ ಆಡಂ ಮೊಸ್ಸೆರಿ ಲೈಕಿನ ಜೊತೆಗೆ ಎಷ್ಟು ಹೊತ್ತು ನೋಡಿದರು, ಎಷ್ಟು ಜನ ಬೇರೆಯವರಿಗೆ ಕಳಿಸಿದರು ಎಂಬುದೂ ಮುಖ್ಯ ಎಂದು ಹೇಳಿದ್ದಾರೆ. ಕಳಿಸುವುದು ಯಾವಾಗ? ‘ಇದು ನಮ್ಮಜ್ಜಿ ಮಾತು’ ಅನ್ನಿಸಿದಾಗ, ತಂಗಿಗೆ ಕಳಿಸುತ್ತಾರೆ.

ಪೋಸ್ಟ್ ಹಾಕಿದ ಮೊದಲ ಒಂದು ಗಂಟೆ ನೀವು ಫೋನಿನ ಹತ್ತಿರ ಇರಬೇಕು. ಹಾಗಾಗಿ ಸಮಯ ಆರಿಸುವುದು ಓದುಗರ ಬಿಡುವಿನ ಜೊತೆಗೆ ನಿಮ್ಮ ಬಿಡುವನ್ನೂ ನೋಡಿಯೇ. ನಿಮ್ಮ ಫಾಲೋವರ್‌ಗಳಲ್ಲಿ ಎರಡು ಗುಂಪು ಇರುತ್ತದೆ, ಊರಲ್ಲೇ ಇರುವವರು ಮತ್ತು ಬೆಂಗಳೂರಿಗೆ ಹೋದವರು. ತೋಟದವರಿಗೆ ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವವರೆಗೆ ಸಂಜೆ ಹಣ್ಣು ತೂಗಿ, ಬಟವಾಡೆ ಮುಗಿಸಿ, ಕಣ ನೋಡಿ ಬರುವಷ್ಟರಲ್ಲಿ ರಾತ್ರಿ ಎಂಟು. ಆರು ಗಂಟೆಗೆ ಹಾಕಿದ್ದು ಅವರ ಕಣ್ಣಿಗೆ ಬೀಳದು. ಬೆಂಗಳೂರಿನವರಿಗೆ ಭಾನುವಾರ ಬೆಳಗ್ಗೆ ಅಥವಾ ವಾರದ ದಿನ ರಾತ್ರಿ ಒಂಬತ್ತು ಅನುಕೂಲ. ಊಹೆಯ ಮೇಲೆ ಹೋಗುವುದೂ ಬೇಡ. ಫೇಸ್‌ಬುಕ್ ಪ್ರೊಫೈಲ್‌ನಲ್ಲಿ ಪ್ರೊಫೆಷನಲ್ ಮೋಡ್, ಇನ್‌ಸ್ಟಾಗ್ರಾಂನಲ್ಲಿ ಪ್ರೊಫೆಷನಲ್ ಖಾತೆ ಆನ್ ಮಾಡಿದರೆ ಇನ್‌ಸೈಟ್ಸ್, ಅಂದರೆ ಪೋಸ್ಟ್ ಎಷ್ಟು ಜನ ನೋಡಿದರು ಎಂಬಂಥ ಅಂಕಿಅಂಶ ಸಿಗುತ್ತದೆ, ಒಂದು ತಿಂಗಳು ಗಮನಿಸಿ. ಜುಲೈನಲ್ಲಿ ಮಲೆನಾಡಿನಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಮುಂಚೆಯೇ ಶೆಡ್ಯೂಲ್ ಮಾಡಿಟ್ಟು ನೆಟ್‌ವರ್ಕ್ ಇಲ್ಲದ ಮನೆಯಲ್ಲಿ ಕೂತರೆ, ಕಾಮೆಂಟ್‌ಗಳು ಉತ್ತರವಿಲ್ಲದೆ ತಣ್ಣಗಾಗುತ್ತವೆ. ಪ್ರಶ್ನೆ ಇಲ್ಲದ ಪೋಸ್ಟ್ ಮಾತ್ರ ಶೆಡ್ಯೂಲ್ ಮಾಡಿ, ಪ್ರಶ್ನೆ ಇರುವುದನ್ನು ಸಿಗ್ನಲ್ ಸಿಕ್ಕ ದಿನ ಕೈಯಾರೆ ಹಾಕಿ. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಹಾಸನದವರ ಫೀಡ್ ತುಂಬ ದರ್ಶನದ ಸಾಲಿನ ಫೋಟೊಗಳೇ. ಆ ವಾರ ಮಾರಾಟದ ಮಾತು ಎತ್ತಬೇಡಿ.

ಹೆಸರಿನ ವಿಷಯ. ‘ಮಲೆನಾಡಿನ ಕಥೆ’ ಎಂದರೆ ಯಾರಿಗೂ ತಮ್ಮದು ಅನ್ನಿಸುವುದಿಲ್ಲ. ಹೆತ್ತೂರು, ಹಾನುಬಾಳು, ಬಾಳ್ಳುಪೇಟೆ, ಕೊಟ್ಟಿಗೆಹಾರ, ಹೀಗೆ ಊರಿನ ಹೆಸರು ಇಡಿ. ಆ ಊರಿನವರು ನಿಲ್ಲುತ್ತಾರೆ.

ಆದರೆ ಸಣ್ಣ ಊರಿನಲ್ಲಿ ಇದೇ ತಿರುಗಿ ಕಚ್ಚುವುದೂ ಉಂಟು. ‘ಇದು ನಮ್ಮೂರ ಇಂಥವರ ಮನೆ ಕಥೆ ಅಲ್ವಾ?’ ಎಂದು ಯಾರೋ ಹೆಸರು ಹಿಡಿದು ಕಾಮೆಂಟ್ ಹಾಕುತ್ತಾರೆ. ಕಥೆ ಪೂರ್ತಿ ಕಲ್ಪನೆಯೇ ಆಗಿದ್ದರೂ ಆ ಹೆಸರು ಅಲ್ಲಿ ಒಂದು ಗಂಟೆ ಇದ್ದರೆ ಸಾಕು, ಸ್ಕ್ರೀನ್‌ಶಾಟ್ ಊರೆಲ್ಲ ಸುತ್ತುತ್ತದೆ. ಕಂಡ ತಕ್ಷಣ ಆ ಕಾಮೆಂಟ್ ಅನ್ನು ಹೈಡ್ ಮಾಡಿ. ಬರೆದವರಿಗೆ ಖಾಸಗಿಯಾಗಿ ‘ಅಣ್ಣ, ಇದು ಯಾರ ಮನೆಯದೂ ಅಲ್ಲ, ಹೆಸರು ಬಂದರೆ ಅವರಿಗೆ ನೋವಾಗುತ್ತೆ, ಅದಕ್ಕೆ ಮರೆಮಾಡಿದೆ’ ಎಂದು ತಿಳಿಸಿ. ಬಹಿರಂಗವಾಗಿ ಹೌದು ಎಂದೂ ಬೇಡ, ಅಲ್ಲ ಎಂದು ವಾದಿಸುವುದೂ ಬೇಡ. ವಾದಿಸಿದಷ್ಟೂ ಹೆಸರು ಮೇಲೆ ಬರುತ್ತದೆ. ಊರಿನ ಹೆಸರು ನಿಜದ್ದಿದ್ದರೆ ಮನೆತನ, ತೋಟದ ಹೆಸರು ಕಲ್ಪಿತವಾಗಿರಲಿ. ತುಣುಕು ಆರಿಸುವಾಗಲೇ ಇದನ್ನು ನೋಡಿಕೊಳ್ಳಿ.

ಇನ್ನೂ ಎಲ್ಲೂ ಬಾರದ ಹೊಸ ಕಥೆಯನ್ನು ಪೂರ್ತಿ ಹಾಕಲೇಬೇಡಿ. ಕಥಾಸ್ಪರ್ಧೆಗಳು, ವಿಶೇಷಾಂಕಗಳು ಸಾಮಾನ್ಯವಾಗಿ ‘ಎಲ್ಲೂ ಪ್ರಕಟವಾಗಿರಬಾರದು’ ಎಂಬ ಷರತ್ತು ಇಡುತ್ತವೆ. ಸಾಮಾಜಿಕ ಜಾಲತಾಣವೂ ‘ಎಲ್ಲೂ’ ಎಂಬುದರಲ್ಲಿ ಸೇರುತ್ತದೆ.

ಧ್ವನಿಯ ಬಗ್ಗೆ ಎರಡು ಮಾತು. ಕಣ್ಣು ಮಂದವಾದ ಹಿರಿಯರು ಕಥೆ ಕೇಳುತ್ತಾರೆ, ನಿಮ್ಮ ಮಾತಿನ ಸೊಗಡು ಅಕ್ಷರಕ್ಕಿಂತ ದನಿಯಲ್ಲಿ ಬೇಗ ತಲುಪುತ್ತದೆ. ಎರಡು ನಿಮಿಷದ ರೆಕಾರ್ಡಿಂಗ್ ಅಂದರೆ ಸಾವಧಾನವಾಗಿ ಓದಿದರೆ ಸುಮಾರು 200 ಪದ. ಮಳೆಗಾಲದಲ್ಲಿ ಶೀಟಿನ ಕೆಳಗೆ ರೆಕಾರ್ಡ್ ಮಾಡಿದರೆ ಸದ್ದಿನಲ್ಲಿ ಎಲ್ಲ ಮುಳುಗುತ್ತದೆ. ಬಟ್ಟೆ, ಹಾಸಿಗೆ ಇರುವ ಒಳಕೋಣೆ ಒಳ್ಳೆಯದು. ಫೋನ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ‘ಪ’, ‘ಭ’ ಬಂದಾಗಲೆಲ್ಲ ಗಾಳಿ ಬಡಿಯುತ್ತದೆ.

ಈಗ ಮೂರನೆಯ ಕೊಂಡಿ, ವಾಟ್ಸಾಪ್. ನಮ್ಮ ಕಡೆ ಪುಸ್ತಕ ಮಾರಾಟವಾಗುವುದು ಇಲ್ಲೇ. ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿಕೊಳ್ಳಿ, ಮನೆಯ ಸಂಖ್ಯೆಗಿಂತ ಬೇರೆ ಸಿಮ್ ಇದ್ದರೆ ಉತ್ತಮ. ಅದರಲ್ಲಿ ಶಾರ್ಟ್ ಲಿಂಕ್ ಮಾಡಿ ‘ಪುಸ್ತಕ ಬೇಕು’ ಎಂಬ ಸಿದ್ಧ ಸಂದೇಶ ಸೇರಿಸಬಹುದು. ಓದುಗರು ಲಿಂಕ್ ಒತ್ತಿ ಕಳಿಸಿದರೆ ಸಾಕು. ಬೆಲೆ, ಯುಪಿಐ, ‘ಪಿನ್‌ಕೋಡ್ ಸಹಿತ ವಿಳಾಸ ಕಳಿಸಿ’ ಎಂಬುದನ್ನು ಕ್ವಿಕ್ ರಿಪ್ಲೈನಲ್ಲಿ, ಅಂದರೆ ಮೊದಲೇ ಬರೆದಿಡುವ ಸಿದ್ಧ ಉತ್ತರದಲ್ಲಿ ಇಟ್ಟುಕೊಳ್ಳಿ. ‘ಕೇಳಿದರು’, ‘ಹಣ ಬಂತು’, ‘ಕಳಿಸಿದೆ’, ‘ಓದಿದರು’ ಎಂದು ನಾಲ್ಕು ಲೇಬಲ್ ಮಾಡಿ. ಮೂವತ್ತು ಜನ ದಾಟಿದ ಮೇಲೆ ಲೇಬಲ್ ಇಲ್ಲದಿದ್ದರೆ ಒಬ್ಬರಿಗೆ ಎರಡು ಸಲ ಕಳಿಸಿ ಇನ್ನೊಬ್ಬರನ್ನು ಮರೆಯುತ್ತೀರಿ.

ಇಲ್ಲಿ ಬಹಳ ಜನ ಎಡವುವುದು ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ. ಒಂದೇ ಸಂದೇಶವನ್ನು ಹಲವರಿಗೆ ಬಿಡಿಬಿಡಿಯಾಗಿ ಕಳಿಸುವ ಪಟ್ಟಿ ಅದು. ಒಂದು ಪಟ್ಟಿಗೆ 256 ಜನರ ಮಿತಿ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಇನ್ನೂರು ಜನಕ್ಕೆ ಕಳಿಸಿದೆ, ಯಾರೂ ಉತ್ತರಿಸಲಿಲ್ಲ ಎಂದು ಬೇಸರಪಡುವವರಲ್ಲಿ ಎಷ್ಟೋ ಮಂದಿಯ ಸಂದೇಶ ಹೋಗಿರುವುದೇ ಇಲ್ಲ. ಆದ್ದರಿಂದ ಪುಸ್ತಕ ಕೇಳಿದವರಿಗೆ ಮೊದಲ ಉತ್ತರದಲ್ಲೇ ‘ಈ ನಂಬರ್ ಸೇವ್ ಮಾಡಿಕೊಳ್ಳಿ, ತಿಂಗಳಿಗೊಮ್ಮೆ ಒಂದು ಹೊಸ ತುಣುಕು ಕಳಿಸುತ್ತೇನೆ’ ಎನ್ನಿ. ತಿಂಗಳಿಗೊಮ್ಮೆ ಅಂದರೆ ಒಮ್ಮೆಯೇ. ವಾಟ್ಸಾಪ್ ಚಾನೆಲ್ ಬೇಕಾದರೆ ಮಾಡಿ, ಯಾರ ಸಂಖ್ಯೆಯೂ ಯಾರಿಗೂ ಕಾಣದು. ಆದರೆ ಅಲ್ಲಿ ಓದುಗರು ಎಮೋಜಿ ಒತ್ತಬಹುದು, ಮಾತಾಡಲಾರರು. ಅದಕ್ಕೇ ಮೊದಲ 300 ಪ್ರತಿಗೆ ಚಾನೆಲ್‌ಗಿಂತ ಬಿಡಿ ಮಾತುಕತೆಯೇ ಮೇಲು ಎಂದು ನನ್ನ ಅಭಿಪ್ರಾಯ. ಕೇಳದೆ ಜನರನ್ನು ಗ್ರೂಪಿಗೆ ಸೇರಿಸಬೇಡಿ. ನಾಲ್ಕು ಜನ ಸ್ಪ್ಯಾಮ್ ಎಂದು ರಿಪೋರ್ಟ್ ಒತ್ತಿದರೆ ನಿಮ್ಮ ಸಂಖ್ಯೆಗೇ ಕುತ್ತು. ಊರಿನ ಹೆಸರಿನ ಗ್ರೂಪುಗಳಲ್ಲಿಯೂ ಅಷ್ಟೇ, ಮೊದಲು ಅಲ್ಲಿಯ ಮಾತಿಗೆ ನಾಲ್ಕು ವಾರ ಮಾತು ಸೇರಿಸಿ, ಆಮೇಲೆ ಅಡ್ಮಿನ್ ಅವರನ್ನು ಕೇಳಿ ಒಮ್ಮೆ ಮಾತ್ರ ಪುಸ್ತಕದ ಪೋಸ್ಟ್ ಹಾಕಿ.

ದುಡ್ಡು ಕೊಟ್ಟು ಬೂಸ್ಟ್ ಮಾಡುವುದಾದರೆ, ತಾನಾಗಿಯೇ ಕಾಮೆಂಟ್ ಬಂದ ಪೋಸ್ಟನ್ನೇ ಆರಿಸಿ, ಗುರಿಯಾಗಿ ‘ಸಂದೇಶ’ ಆಯ್ಕೆ ಮಾಡಿ. ಬರೀ ಎಂಗೇಜ್‌ಮೆಂಟ್ (ಲೈಕ್, ಕಾಮೆಂಟ್‌ನಂಥ ಸ್ಪಂದನೆ) ಗುರಿ ಕೊಟ್ಟರೆ ಅದು ಲೈಕ್ ಒತ್ತುವ ಸ್ವಭಾವದವರನ್ನೇ ಹುಡುಕಿ ತರುತ್ತದೆ. ಫಾಲೋವರ್‌ಗಳನ್ನು ಕೊಳ್ಳುವುದಂತೂ ನಿಮ್ಮ ಕೈಯಾರೆ ನೀವೇ ಮಾಡಿಕೊಳ್ಳುವ ನಷ್ಟ. ಪೋಸ್ಟ್ ಮೊದಲು ಕೆಲವರಿಗೆ ಕಂಡು, ಅವರು ಸ್ಪಂದಿಸಿದರೆ ಮುಂದಕ್ಕೆ ಹರಡುತ್ತದೆ. ಆ ಕೆಲವರಲ್ಲಿ ಅರ್ಧ ಜನ ಕನ್ನಡವೇ ಬಾರದ ಖಾಲಿ ಖಾತೆಗಳಾದರೆ ಅಲ್ಲೇ ನಿಂತಿತು.

ನೀವು ಕೇಳಿದ ‘ಎಷ್ಟು ಸಲ’ಕ್ಕೆ ಈಗ ಉತ್ತರ: ವಾರಕ್ಕೆ ಮೂರು. ಒಂದು ತುಣುಕು, ಒಂದು ಪದದ ಅಥವಾ ಊರಿನ ಪ್ರಶ್ನೆ, ಒಂದು ಓದುಗರ ಮಾತು. ನಾಲ್ಕು ಪೋಸ್ಟಿಗೆ ಒಂದರಲ್ಲಿ ಮಾತ್ರ ‘ಪುಸ್ತಕ ಬೇಕಾದರೆ’ ಎಂಬ ಸಾಲು. ಲೈಕ್ ಎಣಿಸಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಐದು ಪದ ದಾಟಿದ ಕಾಮೆಂಟ್ ಎಷ್ಟು, ಪೋಸ್ಟ್ ಸೇವ್ ಮಾಡಿಕೊಂಡವರು ಎಷ್ಟು, ವಾಟ್ಸಾಪ್‌ಗೆ ಬಂದವರು ಎಷ್ಟು, ಈ ಮೂರನ್ನು ಪೋಸ್ಟಿನ ಎದುರು ಬರೆಯಿರಿ. ಎಂಟು ವಾರದಲ್ಲಿ ಯಾವ ಕಥೆ ಜನರನ್ನು ಎಳೆಯುತ್ತಿದೆ ಎಂದು ನಿಮಗೇ ಕಾಣುತ್ತದೆ.

ಅಂಚೆ ವೆಚ್ಚವನ್ನು ಬೆಲೆಯ ಜೊತೆಗೇ ಹೇಳಿ, ಆಮೇಲೆ ಸೇರಿಸಿದರೆ ಅಲ್ಲೇ ಕೆಲವರು ಕಳಚಿಕೊಳ್ಳುತ್ತಾರೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿರುವುದರಿಂದ ಹಳೆಯ ದರ ನೆನಪಿನಲ್ಲಿಟ್ಟು ಲೆಕ್ಕ ಹಾಕಬೇಡಿ. ಒಂದು ಪ್ರತಿಯನ್ನು ಕವರ್ ಸಮೇತ ಅಂಚೆ ಕಚೇರಿಯಲ್ಲಿ ತೂಗಿಸಿ, ದರ ಬರೆದುಕೊಂಡು ಬನ್ನಿ. ಮಳೆಗಾಲದಲ್ಲಿ ಒಳಗೊಂದು ಪ್ಲಾಸ್ಟಿಕ್ ಹೊದಿಕೆ ಇರಲೇಬೇಕು. ನೆನೆದ ಪುಸ್ತಕದ ಫೋಟೊ ನಿಮ್ಮದೇ ಕಾಮೆಂಟಿಗೆ ಬಂದು ಕೂರುವುದು ಬೇಡ.

ಶುರು ಎಲ್ಲಿಂದ ಅಂದರೆ, ಪುಸ್ತಕ ಕೇಳಿದ ಆ ಒಂಬತ್ತು ಮಂದಿಯಿಂದ. ಪ್ರತಿ ತಲುಪಿ ಹತ್ತು ಹನ್ನೆರಡು ದಿನ ಆಗಿದ್ದರೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಹೆಸರು ಹಿಡಿದು ಒಂದು ಸಂದೇಶ ಕಳಿಸಿ. ‘ಹೇಗಿತ್ತು?’ ಎಂದು ಕೇಳಿದರೆ ಚೆನ್ನಾಗಿತ್ತು ಅನ್ನುತ್ತಾರೆ. ‘ಮೊದಲು ಯಾವ ಕಥೆ ಓದಿದಿರಿ? ಎಲ್ಲಿ ನಿಲ್ಲಿಸಿದಿರಿ?’ ಎಂದು ಕೇಳಿ. ನಿಲ್ಲಿಸಿದ ಜಾಗ ಹೇಳಿದರೆ ಬೇಸರಪಡದೆ ಯಾಕೆ ಎಂದು ಕೇಳಿ. ಒಂಬತ್ತರಲ್ಲಿ ನಾಲ್ವರು ಉತ್ತರಿಸಿದರೂ ಸಾಕು. ಅವರಲ್ಲಿ ಒಬ್ಬರ ಎರಡು ಸಾಲನ್ನು, ಒಪ್ಪಿಗೆ ಪಡೆದು, ಹೆಸರು ಬೇಡವೆಂದರೆ ‘ಕೊಪ್ಪದ ಓದುಗರೊಬ್ಬರು’ ಎಂದು ಹಾಕಿ, ಕೆಳಗೆ ಅದೇ ಕಥೆಯ ತುಣುಕು ಅಂಟಿಸಿ, ಭಾನುವಾರ ಬೆಳಗ್ಗೆ ಪೋಸ್ಟ್ ಮಾಡಿ. ಮುಖಪುಟಕ್ಕೆ ಅಭಿನಂದನೆ ಹೇಳಿದ ಎಂಬತ್ತು ಜನರಲ್ಲಿ ಯಾರು ಅದರ ಕೆಳಗೆ ಬಂದು ಮಾತಾಡುತ್ತಾರೋ ಅವರ ಹೆಸರು ಬರೆದಿಟ್ಟುಕೊಳ್ಳಿ. ಮುಂದಿನ ವಾರದ ಪ್ರಶ್ನೆಯನ್ನು ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ.